ಏರ್ ಪಿಸ್ತೂಲ್ ಆಯ್ತು, ಈಗ .22ಕ್ಕೆ ಹೋಗಬೇಕು. ಯಾವುದನ್ನು ಆರಿಸಲಿ?

ಪ್ರಶ್ನೆ: ನಾನು 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಿದ್ದೇನೆ. ಈಗ ಕೋಚ್ 25 ಮೀಟರ್ ಕೂಡ ಶುರು ಮಾಡು ಅನ್ನುತ್ತಿದ್ದಾರೆ. ಪಾರ್ಡಿನಿ, ವಾಲ್ಥರ್, ಮೊರಿನಿ, ಹೀಗೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನಿಜವಾಗಿ ಯಾವ .22 ಪಿಸ್ತೂಲ್ (0.22 ಇಂಚು ಅಗಲದ ಗುಂಡಿನದು) ಒಳ್ಳೆಯದು?

ಉತ್ತರ: ಮೂರೂ ಒಳ್ಳೆಯವೇ. ಯಾವುದನ್ನಾದರೂ ಅಲುಗಾಡದಂತೆ ಬಿಗಿದು, ಒಳ್ಳೆಯ ಗುಂಡು ಹಾಕಿ ಹೊಡೆದರೆ, 25 ಮೀಟರ್ ದೂರದಲ್ಲಿ ಎಲ್ಲ ತೂತುಗಳೂ 10ರ ವೃತ್ತದೊಳಗೇ ಬೀಳುತ್ತವೆ. ನಿಖರತೆ ಹಂತದ, ಅಂದರೆ ನಿಧಾನವಾಗಿ ಹೊಡೆಯುವ ಹಂತದ ಗುರಿಯಲ್ಲಿ ಆ ವೃತ್ತದ ಅಗಲ 50 ಮಿಲಿಮೀಟರ್. ರ‍್ಯಾಪಿಡ್ ಹಂತದ ಗುರಿಯಲ್ಲಿ 100 ಮಿಲಿಮೀಟರ್. ಅಂದರೆ ಬ್ಯಾರೆಲ್ ನಿಖರವಾಗಿದೆಯಾ ಅನ್ನೋ ಚಿಂತೆ ಈ ಮಟ್ಟದ ಪಿಸ್ತೂಲ್‌ಗಳಲ್ಲಿ ಬೇಡವೇ ಬೇಡ. ನೋಡಬೇಕಾದ್ದು ಬೇರೆ ಎರಡಿವೆ. ಕೈ ಎತ್ತಿದ ಕೂಡಲೇ ಸೈಟ್ (ಗುರಿ ಹಿಡಿಯಲು ಬ್ಯಾರೆಲ್ ಮೇಲಿರುವ ಗುರುತು) ತಾನಾಗಿ ಸರಿಯಾಗಿ ನಿಲ್ಲುತ್ತದೆಯೇ? ಐದು ಗುಂಡುಗಳ ಸರಣಿಯಲ್ಲಿ ಐದನೆಯದೂ ತಪ್ಪದೆ ಹಾರುತ್ತದೆಯೇ? ಈ ಎರಡಕ್ಕೂ ಹೌದು ಅನ್ನಿಸಿದ ಪಿಸ್ತೂಲೇ ನಿಮ್ಮದು, ಹೆಸರು ಯಾವುದೇ ಇರಲಿ.

ಮೊದಲು ಯಾವ ಸ್ಪರ್ಧೆ ಅಂತ ಗೊತ್ತು ಮಾಡಿಕೊಳ್ಳಿ. ಮಹಿಳೆಯರ 25 ಮೀಟರ್ ಪಿಸ್ತೂಲ್‌ನಲ್ಲಿ 30 ಗುಂಡು ನಿಧಾನ, 30 ಗುಂಡು ಅವಸರ (ಇದೇ ರ‍್ಯಾಪಿಡ್ ಹಂತ). ನಿಧಾನದ ಹಂತದಲ್ಲಿ ಐದು ಗುಂಡಿಗೆ ಐದು ನಿಮಿಷ ಸಿಗುತ್ತದೆ. ರ‍್ಯಾಪಿಡ್ ಹಂತದಲ್ಲಿ ಕೈಯನ್ನು 45 ಡಿಗ್ರಿ ಕೆಳಗಿಟ್ಟು ಕಾಯಬೇಕು. ಹಸಿರು ದೀಪ ಬಂದಾಗ ಎತ್ತಿ 3 ಸೆಕೆಂಡಿನೊಳಗೆ ಒಂದು ಗುಂಡು, ಮತ್ತೆ ಕೈ ಕೆಳಗೆ, 7 ಸೆಕೆಂಡ್ ಬಿಟ್ಟು ಮತ್ತೊಂದು. ಪ್ಯಾರಿಸ್ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ 590 ಹೊಡೆದರಲ್ಲ, ಅದರಲ್ಲಿ ನಿಧಾನದ ಹಂತಕ್ಕೆ 294, ರ‍್ಯಾಪಿಡ್‌ಗೆ 296. ಒಂದೇ ಪಿಸ್ತೂಲ್ ಎರಡೂ ಕೆಲಸ ಮಾಡಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ.

ಪುರುಷರಿಗೆ .22ರಲ್ಲಿ ಸ್ಟ್ಯಾಂಡರ್ಡ್ ಪಿಸ್ತೂಲ್ ಇದೆ. ಅದರಲ್ಲಿ ಐದು ಗುಂಡಿಗೆ 150, 20 ಮತ್ತು 10 ಸೆಕೆಂಡುಗಳ ಸರಣಿಗಳು. ಇನ್ನೊಂದು ರ‍್ಯಾಪಿಡ್ ಫೈರ್. ಸಾಲಾಗಿ ನಿಂತ ಐದು ಗುರಿಗಳಿಗೆ ಒಂದೊಂದು ಗುಂಡು, ಮೊದಲು 8, ಆಮೇಲೆ 6, ಕೊನೆಗೆ 4 ಸೆಕೆಂಡಿನಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಹಿಂದೆ ರ‍್ಯಾಪಿಡ್ ಫೈರ್‌ಗೆ .22 ಶಾರ್ಟ್ ಅನ್ನುವ ಪುಟ್ಟ ಗುಂಡಿನ ಬೇರೆಯದೇ ಪಿಸ್ತೂಲ್ ಬೇಕಾಗಿತ್ತು. 2005ರಿಂದ ನಿಯಮ ಬದಲಾಯಿತು. ಈಗ ಎಲ್ಲಕ್ಕೂ .22 ಲಾಂಗ್ ರೈಫಲ್ ಗುಂಡೇ. ಹಾಗಾಗಿ ಒಂದೇ ಪಿಸ್ತೂಲ್‌ನಿಂದ ಎಲ್ಲ 25 ಮೀಟರ್ .22 ಸ್ಪರ್ಧೆಗಳನ್ನೂ ಆಡಬಹುದು. ಹೊಸಬರಿಗೆ ಇದು ದೊಡ್ಡ ಅನುಕೂಲ.

50 ಮೀಟರ್ ಪಿಸ್ತೂಲ್ ಮಾತ್ರ ಬೇರೆ. ಅದು ಒಂದೊಂದೇ ಗುಂಡು ತುಂಬುವ, ಕೈಯನ್ನು ಪೂರ್ತಿ ಸುತ್ತುವ ಗ್ರಿಪ್ ಇರುವ, ಟ್ರಿಗರ್ ತೂಕಕ್ಕೆ ಮಿತಿಯೇ ಇಲ್ಲದ ಉಪಕರಣ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಇದೇ ಸ್ಪರ್ಧೆ. ಆಮೇಲೆ ಒಲಿಂಪಿಕ್ಸ್‌ನಿಂದ ಅದನ್ನು ತೆಗೆದರು. ಈಗ ಶುರು ಮಾಡುವವರು ಅದರ ಯೋಚನೆ ಬಿಟ್ಟು 25 ಮೀಟರ್ ಪಿಸ್ತೂಲ್ ಕಡೆ ನೋಡುವುದೇ ಸರಿ.

25 ಮೀಟರ್ ಸ್ಪರ್ಧೆಯ ಅಂತರರಾಷ್ಟ್ರೀಯ ನಿಯಮದ ಅಳತೆಗಳೂ ಗೊತ್ತಿರಲಿ. ಪಿಸ್ತೂಲ್ 1400 ಗ್ರಾಂ ಮೀರಬಾರದು. ಬ್ಯಾರೆಲ್ 153 ಮಿಲಿಮೀಟರ್, ಎರಡು ಸೈಟ್‌ಗಳ ನಡುವಿನ ದೂರ 220 ಮಿಲಿಮೀಟರ್ ದಾಟಬಾರದು. ಇಡೀ ಪಿಸ್ತೂಲ್ 300, 150, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ಟ್ರಿಗರ್ ಕನಿಷ್ಠ 1000 ಗ್ರಾಂ ತಡೆಯಬೇಕು. ಸೈಟ್ ತೆರೆದದ್ದೇ ಆಗಿರಬೇಕು, ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ನಡೆಯುವುದಿಲ್ಲ. ಸ್ಪರ್ಧೆಗೆಂದೇ ಮಾಡಿದ ಯುರೋಪಿನ ಪಿಸ್ತೂಲ್‌ಗಳು ಇದರೊಳಗೇ ಇರುತ್ತವೆ. ಯಾರಾದರೂ 7 ಇಂಚು ಬ್ಯಾರೆಲ್‌ನ ಅಮೆರಿಕನ್ ಪಿಸ್ತೂಲ್ ತೋರಿಸಿ "ಸಖತ್ ಆಗಿದೆ" ಅಂದರೆ ಮಾತ್ರ ಎಚ್ಚರ. ಪಿಸ್ತೂಲ್ ಚೆನ್ನಾಗೇ ಇರಬಹುದು. ಆದರೆ 7 ಇಂಚು ಅಂದರೆ ಸುಮಾರು 178 ಮಿಲಿಮೀಟರ್, ಪರಿಶೀಲನೆ ಮೇಜಿನಲ್ಲೇ ವಾಪಸ್ ಕಳಿಸುತ್ತಾರೆ.

ಈಗ ಗ್ರಿಪ್ ವಿಷಯ. ನನ್ನ ಪ್ರಕಾರ ಆಯ್ಕೆಯ ಅರ್ಧಕ್ಕಿಂತ ಜಾಸ್ತಿ ಭಾಗ ಇಲ್ಲೇ ಮುಗಿಯುತ್ತದೆ. ಕ್ಲಬ್‌ನಲ್ಲಿ ಸಿಗುವ ಪ್ರತಿ ಪಿಸ್ತೂಲ್‌ನಲ್ಲೂ ಒಂದು ಪರೀಕ್ಷೆ ಮಾಡಿ. ರೇಂಜ್‌ನಲ್ಲಿ, ಕೋಚ್ ಎದುರಿಗೆ, ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆ ಅಂತ ಇಬ್ಬರೂ ನೋಡಿದ ಮೇಲೆ ಪಿಸ್ತೂಲ್ ಹಿಡಿಯಿರಿ. ಗುರಿ ಕಡೆ ನಿಂತು ಕಣ್ಣು ಮುಚ್ಚಿ, ಕೈಯನ್ನು ಎಂದಿನಂತೆ ಎತ್ತಿ, ಆಮೇಲೆ ಕಣ್ಣು ಬಿಡಿ. ಫ್ರಂಟ್ ಸೈಟ್ ಹಿಂದಿನ ಸೈಟ್‌ನ ಸೀಳಿನ ನಡುವೆ ಇದ್ದರೆ ಆ ಗ್ರಿಪ್ ನಿಮ್ಮ ಕೈಗೆ ಹತ್ತಿರದ್ದು. ಎಡಕ್ಕೋ ಬಲಕ್ಕೋ ಸರಿದಿದ್ದರೆ ಅಂಗೈ ಭಾಗದಲ್ಲಿ ಮರ ಹೆಚ್ಚೋ ಕಡಿಮೆಯೋ ಆಗಿದೆ. ಮೇಲಕ್ಕೋ ಕೆಳಕ್ಕೋ ಹೋಗಿದ್ದರೆ ಗ್ರಿಪ್‌ನ ಓರೆ ನಿಮ್ಮ ಮಣಿಕಟ್ಟಿಗೆ ಹೊಂದಿಲ್ಲ. ಹೀಗೆ ಹಲವು ಸಲ ಮಾಡಿ ನೋಡಿ. ನಿಧಾನದ ಹಂತದಲ್ಲಿ ಇದನ್ನು ಮಣಿಕಟ್ಟು ತಿರುಗಿಸಿ ಸರಿ ಮಾಡಿಕೊಳ್ಳಬಹುದು. 3 ಸೆಕೆಂಡಿನಲ್ಲಿ ಅದಕ್ಕೆಲ್ಲ ಸಮಯ ಎಲ್ಲಿರುತ್ತದೆ?

ಗ್ರಿಪ್‌ಗಳು ಅಳತೆ ಪ್ರಕಾರ ಬರುತ್ತವೆ. ಚಿಕ್ಕದು, ಮಧ್ಯಮ, ದೊಡ್ಡದು, ಎಡಗೈಯವರಿಗೆ ಬೇರೆ. ನಮ್ಮಲ್ಲಿ ಹುಡುಗಿಯರು, ಚಿಕ್ಕ ವಯಸ್ಸಿನವರು ಯಾರದೋ ದೊಡ್ಡ ಗ್ರಿಪ್‌ನಲ್ಲೇ ತಿಂಗಳುಗಟ್ಟಲೆ ಹೊಡೆಯುತ್ತಾರೆ. ತೋರುಬೆರಳು ಟ್ರಿಗರ್‌ಗೆ ನೆಟ್ಟಗೆ ಎಟುಕದೆ ಪಕ್ಕದಿಂದ ತಳ್ಳುತ್ತದೆ, ಗುಂಡು ಪಕ್ಕಕ್ಕೆ ಹೋಗುತ್ತದೆ. ಆಗ "ಟ್ರಿಗರ್ ಎಳೆಯೋದು ಸರಿಯಿಲ್ಲ" ಅಂತ ಮಕ್ಕಳನ್ನೇ ಬೈಯುತ್ತಾರೆ. ಇದು ನೋಡಿದಾಗಲೆಲ್ಲ ಬೇಜಾರಾಗುತ್ತದೆ. ತಪ್ಪು ಇರುವುದು ಗ್ರಿಪ್‌ನಲ್ಲಿ. ಅದನ್ನು ಮರಳು ಕಾಗದದಿಂದ ಉಜ್ಜಿ, ಬೇಕಾದಲ್ಲಿ ಮರದ ಪುಟ್ಟಿ ತುಂಬಿ ಕೈಗೆ ಹೊಂದಿಸಬಹುದು. ಜರ್ಮನಿಯ ರಿಂಕ್‌ನಂಥವರು ಕೈಯ ಅಳತೆಗೆ ಬೇರೆ ಗ್ರಿಪ್ ಮಾಡಿಕೊಡುತ್ತಾರೆ. ಬೇರೆಯವರಿಗೆ ಮಾರುವಾಗ ಬೆಲೆ ಕಡಿಮೆಯಾಗುತ್ತೆ ಅಂತ ಗ್ರಿಪ್ ಮುಟ್ಟದೆ ಇಟ್ಟುಕೊಳ್ಳಬೇಡಿ. ಒಂದು ಮಾತು ಮಾತ್ರ ನೆನಪಿರಲಿ. 25 ಮೀಟರ್ ಸ್ಪರ್ಧೆಯಲ್ಲಿ ಗ್ರಿಪ್ ಮಣಿಕಟ್ಟಿಗೆ ಆಸರೆ ಕೊಡುವಂತಿರಬಾರದು.

ತೂಕ ಎಲ್ಲಿದೆ ಅನ್ನುವುದನ್ನೂ ಕೈಯಲ್ಲೇ ನೋಡಬೇಕು. ಪಾರ್ಡಿನಿ ಎಸ್‌ಪಿ, ವಾಲ್ಥರ್ ಜಿಎಸ್‌ಪಿ ಇವುಗಳಲ್ಲಿ ಗುಂಡು ತುಂಬುವ ಮ್ಯಾಗಜಿನ್ ಟ್ರಿಗರ್‌ನ ಮುಂದೆ ಇರುತ್ತದೆ. ತೂಕ ಮುಂದಕ್ಕೆ ಬಿದ್ದಾಗ ನಿಧಾನದ ಹಂತದಲ್ಲಿ ಪಿಸ್ತೂಲ್ ಅಲುಗುವುದು ಕಡಿಮೆ. ಆದರೆ ಭುಜದ ಶಕ್ತಿ ಸಾಲದವರಿಗೆ ರ‍್ಯಾಪಿಡ್ ಹಂತದ ಕೊನೆಯ ಸರಣಿಗಳಲ್ಲಿ ಅದೇ ಭಾರ ಅನ್ನಿಸುತ್ತದೆ. ಹ್ಯಾಮರ್ಲಿ 208ರಂಥ ಹಳೆಯ ಪಿಸ್ತೂಲ್‌ಗಳಲ್ಲಿ ಮ್ಯಾಗಜಿನ್ ಗ್ರಿಪ್‌ನೊಳಗೆ. ಅವು ಹಿಡಿದಾಗ ಹಗುರ, ಟ್ರಿಗರ್ ಬಹಳ ಸೊಗಸು. ಆದರೆ ಅವುಗಳ ತಯಾರಿಕೆ ನಿಂತು ಹೋಗಿದೆ.

ಬ್ಯಾರೆಲ್ ಕೈಗೆ ಎಷ್ಟು ಹತ್ತಿರ ಅನ್ನುವುದೂ ಮುಖ್ಯ. ಅದು ಕೆಳಗಿದ್ದಷ್ಟೂ ಗುಂಡು ಹಾರಿದಾಗ ಮೂತಿ ಕಡಿಮೆ ಮೇಲೇಳುತ್ತದೆ, ಮುಂದಿನ ಗುಂಡಿಗೆ ಬೇಗ ವಾಪಸ್ ಬರುತ್ತದೆ. ಸ್ಟ್ಯಾಂಡರ್ಡ್ ಪಿಸ್ತೂಲ್‌ನ 10 ಸೆಕೆಂಡ್ ಸರಣಿ ಹೊಡೆದಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಫೈನ್‌ವೆರ್ಕ್‌ಬೌ ಎಡಬ್ಲ್ಯೂ 93ರಲ್ಲಿ ಒದೆತ ತಗ್ಗಿಸುವ ವ್ಯವಸ್ಥೆಯೂ ಇದೆ. ಹೊಡೆದವರು ಅದರ ಮೆತ್ತನೆಯ ಗುಣವನ್ನೇ ಮೊದಲು ಹೇಳುತ್ತಾರೆ.

ಟ್ರಿಗರ್ ಬಗ್ಗೆ ಏರ್ ಪಿಸ್ತೂಲ್‌ನವರು ಮೊದಲು ಗಾಬರಿಯಾಗುತ್ತಾರೆ. ಅಲ್ಲಿ 500 ಗ್ರಾಂ, ಇಲ್ಲಿ ಅದರ ಎರಡು ಪಟ್ಟು. ಬೇಗ ಅಭ್ಯಾಸವಾಗುತ್ತದೆ. ಎರಡು ಹಂತದ ಟ್ರಿಗರ್ ಇರಲಿ (ಮೊದಲು ಹಗುರವಾಗಿ ಬಂದು ಒಂದು ಕಡೆ ತಡೆಯುತ್ತದೆ, ಆಮೇಲೆ ಒತ್ತಿದರೆ ಗುಂಡು ಹಾರುತ್ತದೆ), ಮೊದಲ ಹಂತ ಎಲ್ಲಿ ಮುಗಿಯುತ್ತದೆ ಅನ್ನುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯಲಿ. ತೂಕವನ್ನು ಸರಿಯಾಗಿ 1000 ಗ್ರಾಂಗೆ ಇಡಬೇಡಿ, ಸ್ವಲ್ಪ ಮೇಲಿಡಿ. ಪರಿಶೀಲನೆಯಲ್ಲಿ ಬ್ಯಾರೆಲ್ ನೆಟ್ಟಗೆ ಮೇಲೆ ಮಾಡಿ ಟ್ರಿಗರ್‌ಗೆ 1000 ಗ್ರಾಂ ತೂಕ ನೇತುಹಾಕಿ ಎತ್ತುತ್ತಾರೆ. ಅಲ್ಲಿ ಟ್ರಿಗರ್ ಬಿಟ್ಟುಕೊಟ್ಟರೆ ತಲೆನೋವು.

ಎಲೆಕ್ಟ್ರಾನಿಕ್ ಟ್ರಿಗರ್ ಬೇಕಾ? ಪ್ರತಿ ಸಲವೂ ಒಂದೇ ಥರ ಬಿಟ್ಟುಕೊಂಡು ಗುಂಡು ಹಾರಿಸುತ್ತದೆ ಅನ್ನುವುದು ಅದರ ದೊಡ್ಡ ಗುಣ. ಆದರೆ ಅದಕ್ಕೆ ಬ್ಯಾಟರಿ, ಸರ್ಕ್ಯೂಟ್ ಇವೆ, ಕೆಟ್ಟರೆ ಊರಿನಲ್ಲಿ ರಿಪೇರಿ ಮಾಡುವವರು ಸಿಗುವುದು ಕಷ್ಟ. ಮೊದಲ .22ಕ್ಕೆ ಮೆಕ್ಯಾನಿಕಲ್ ಟ್ರಿಗರ್ ಸಾಕು ಅಂತಲೇ ನಾನು ಹೇಳುವುದು. ಪಿಸ್ತೂಲ್ ಕೈಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ದೇಶವೇ ನೋಡಿದೆ. 2021ರಲ್ಲಿ ಟೋಕಿಯೊದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲ್ ಕೆಟ್ಟು ಹಲವು ನಿಮಿಷ ಕಳೆದುಹೋದವು. ಫೈನಲ್ ಕೂಡ ತಪ್ಪಿತು.

.22ರಲ್ಲಿ ಪಿಸ್ತೂಲ್ ನಿಲ್ಲುವ ಸಂಭವ ಏರ್ ಪಿಸ್ತೂಲ್‌ಗಿಂತ ಜಾಸ್ತಿ. ಗುಂಡಿನ ಹಿಂಬದಿಯ ಅಂಚಿನೊಳಗೆ ಸಿಡಿಯುವ ಮದ್ದು ಇರುತ್ತದೆ, ಫೈರಿಂಗ್ ಪಿನ್ ಆ ಅಂಚಿಗೆ ಬಡಿಯಬೇಕು. ಒಂದು ಗುಂಡಿನ ಅಂಚಿನಲ್ಲಿ ಮದ್ದು ಸರಿಯಾಗಿ ಹರಡಿಲ್ಲದಿದ್ದರೆ ಅದು ಸಿಡಿಯುವುದಿಲ್ಲ. ಸ್ಪರ್ಧೆಯಲ್ಲಿ ಹಾಗಾದರೆ ಪಿಸ್ತೂಲನ್ನು ಗುರಿ ಕಡೆಗೇ ಹಿಡಿದುಕೊಂಡು ಇನ್ನೊಂದು ಕೈ ಎತ್ತಬೇಕು. ಗಡಿಬಿಡಿಯಲ್ಲಿ ನೀವೇ ಸ್ಲೈಡ್ ಎಳೆದು ನೋಡಿದರೆ ಆ ಸರಣಿ ಮತ್ತೆ ಹೊಡೆಯುವ ಅವಕಾಶ ಹೋಗುತ್ತದೆ.

ಇದೇ ಕಾರಣಕ್ಕೆ ಪಿಸ್ತೂಲ್ ಮತ್ತು ಗುಂಡನ್ನು ಜೋಡಿಯಾಗಿ ನೋಡಬೇಕು. ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದರೆ ಸಾಧಾರಣ ವೇಗದ ಗುಂಡನ್ನೇ ಬಳಸಿ. ಹೈ ವೆಲಾಸಿಟಿ ಗುಂಡು ಒದೆತ ಹೆಚ್ಚಿಸುತ್ತದೆ, ಒಳಗಿನ ಭಾಗಗಳನ್ನು ಬೇಗ ಸವೆಸುತ್ತದೆ. ಎಸ್‌ಕೆ, ಎಲಿ, ಆರ್‌ಡಬ್ಲ್ಯೂಎಸ್ ಈ ಕಂಪನಿಗಳ ಗುಂಡುಗಳಲ್ಲಿ ನಿಮಗೆ ನಿಯಮಿತವಾಗಿ ಸಿಗುವುದು ಯಾವುದು ಅಂತ ಕ್ಲಬ್‌ನಲ್ಲಿ ಕೇಳಿ. ನೀವು ನೋಡುತ್ತಿರುವ ಪಿಸ್ತೂಲ್ ಅದೇ ಗುಂಡನ್ನು ನೂರಾರು ಸಲ ನಿಲ್ಲದೆ ತಿನ್ನುತ್ತದೆಯೇ ನೋಡಿ. ದುಬಾರಿ ಗುಂಡಿನಲ್ಲಿ ಮಾತ್ರ ಚೆನ್ನಾಗಿ ಓಡುವ ಪಿಸ್ತೂಲ್ ಅಭ್ಯಾಸಕ್ಕೆ ಆಗುವುದಿಲ್ಲ.

ನಾನೇ ಆರಿಸಿಕೊಡಬೇಕು ಅಂದರೆ, ಭಾರತದಲ್ಲಿ ಶುರು ಮಾಡುವವರಿಗೆ ಮೊದಲು ಪಾರ್ಡಿನಿ ಎಸ್‌ಪಿ ಹಿಡಿದು ನೋಡಿ ಅನ್ನುತ್ತೇನೆ. ನಮ್ಮಲ್ಲಿ ಬಹಳ ಜನ ಬಳಸುವುದರಿಂದ ಬಿಡಿಭಾಗ, ಮ್ಯಾಗಜಿನ್, ಅದರ ಸ್ವಭಾವ ಬಲ್ಲವರು ಸಿಗುತ್ತಾರೆ. ಅದು ಕೈಗೆ ಕೂರದಿದ್ದರೆ ಮೊರಿನಿ ಸಿಎಂ 22. ವಾಲ್ಥರ್ ಜಿಎಸ್‌ಪಿ 1960ರ ದಶಕದ ಕೊನೆಯಿಂದ ಇರುವ ವಿನ್ಯಾಸ. ಬ್ಯಾರೆಲ್ ಸಮೇತ ಮೇಲಿನ ಭಾಗ ಬದಲಿಸಿದರೆ ಅದರಲ್ಲೇ .32 ಗುಂಡನ್ನೂ ಹೊಡೆಯಬಹುದು, ಅಂದರೆ ಸೆಂಟರ್ ಫೈರ್ ಸ್ಪರ್ಧೆಯನ್ನೂ ಅದೇ ಗ್ರಿಪ್‌ನಲ್ಲಿ ಆಡಬಹುದು. ಆ ಸೌಲಭ್ಯ ಬೇಕಿದ್ದರೆ ಲೈಸೆನ್ಸ್‌ನಲ್ಲಿ ಅದನ್ನು ಹೇಗೆ ಬರೆಸಬೇಕು ಅಂತ ಮೊದಲೇ ಕೇಳಿಕೊಳ್ಳಿ.

ಲೈಸೆನ್ಸ್ ಅಂದೆನಲ್ಲ, ಏರ್ ಪಿಸ್ತೂಲ್‌ನಂತೆ ಇದನ್ನು ಸುಮ್ನೆ ಅಂಗಡಿಗೆ ಹೋಗಿ ತರಲಾಗದು. .22 ಪಿಸ್ತೂಲ್ 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿ ಬರುತ್ತದೆ. ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುತ್ತಾರೆ. 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯರು ಎರಡೇ ಬಂದೂಕು ಇಟ್ಟುಕೊಳ್ಳಬಹುದು, ಕ್ರೀಡಾಪಟುಗಳಿಗೆ ಬೇರೆ ವಿನಾಯಿತಿಗಳಿವೆ. ವಿದೇಶದಿಂದ ತರಿಸುವ ಅವಕಾಶ ಸ್ಪರ್ಧೆಯಲ್ಲಿ ಗಳಿಸಿದ ಅಂಕ ಮತ್ತು ಮಾನ್ಯತೆಗೆ ತಳುಕು ಹಾಕಿಕೊಂಡಿದೆ. 21 ತುಂಬದವರಿಗೆ ತರಬೇತಿಗೆ ಪ್ರತ್ಯೇಕ ನಿಯಮ ಇದೆ. ಇವೆಲ್ಲ ಆಗಾಗ ಬದಲಾಗುವ ವಿಷಯಗಳು. ರಾಜ್ಯ ರೈಫಲ್ ಅಸೋಸಿಯೇಷನ್ ಅಥವಾ ನಿಮ್ಮ ಕ್ಲಬ್‌ನಲ್ಲೇ ಇಂದಿನ ನಿಯಮ ಕೇಳಿ. ಈ ಕಾಯುವ ಕಾಲ ನಿಮಗೆ ಒಳ್ಳೆಯದೇ. ಅಷ್ಟರಲ್ಲಿ ಕ್ಲಬ್‌ನ ಪಿಸ್ತೂಲ್‌ಗಳಲ್ಲಿ ಹೊಡೆದು, ಕೈಗೆ ಏನು ಬೇಕು ಅಂತ ತಿಳಿದುಕೊಳ್ಳಬಹುದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಲೆಕ್ಕ ಬೇರೆ. ಅಲ್ಲಿನ ಬುಲ್ಸ್‌ಐ ಸ್ಪರ್ಧೆಯಲ್ಲಿ 50 ಗಜಕ್ಕೂ 25 ಗಜಕ್ಕೂ ಹೊಡೆಯಬೇಕು, ರೆಡ್ ಡಾಟ್‌ಗೆ ಅನುಮತಿ ಇದೆ. ರೂಗರ್ ಮಾರ್ಕ್ 4, ಸ್ಮಿತ್ ಅಂಡ್ ವೆಸನ್ 41 ಅಲ್ಲಿ ಚೆನ್ನಾಗಿ ನಡೆಯುತ್ತವೆ. ಮುಂದೆ ಅಂತರರಾಷ್ಟ್ರೀಯ ಮಾದರಿಯ ಸ್ಪರ್ಧೆ ಆಡುವ ಆಸೆ ಇದ್ದರೆ 5.5 ಇಂಚು ಬ್ಯಾರೆಲ್‌ನದ್ದನ್ನೇ ನೋಡಿ, ಸೈಟ್‌ಗಳ ನಡುವಿನ ದೂರವನ್ನೂ ಅಳೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಿಂಜರಿಯಬೇಡಿ, ಕಾಗದಪತ್ರ ಸರಿಯಿದ್ದು ವರ್ಗಾವಣೆ ಕಾನೂನು ಪ್ರಕಾರ ಆಗುವುದಾದರೆ. ಟಾರ್ಚ್ ಹಿಡಿದು ಚೇಂಬರ್‌ನ ಅಂಚು ನೋಡಿ. ಖಾಲಿ ಚೇಂಬರ್‌ಗೆ ಸಿಕ್ಕಾಪಟ್ಟೆ ಟ್ರಿಗರ್ ಎಳೆದಿದ್ದರೆ ಫೈರಿಂಗ್ ಪಿನ್ ಬಡಿದ ಗುರುತು ಅಲ್ಲಿ ಕಾಣುತ್ತದೆ. ಅದಕ್ಕೇ ಡ್ರೈ ಫೈರಿಂಗ್ ಸೌಲಭ್ಯ ಇಲ್ಲದ .22ರಲ್ಲಿ ಪ್ಲಗ್ ಹಾಕದೆ ಅಭ್ಯಾಸ ಮಾಡಬಾರದು. ಹಿಂದಕ್ಕೆ ಬರುವ ಭಾಗ ತಾಗುವ ಬಫರ್ ಸವೆದಿದೆಯೇ ನೋಡಿ, ಅದು ಅಗ್ಗದ ಭಾಗ, ಬದಲಿಸಬಹುದು. ಮ್ಯಾಗಜಿನ್‌ಗಳು ಎಷ್ಟಿವೆ, ಅವುಗಳ ತುಟಿ (ಗುಂಡನ್ನು ಹಿಡಿದಿಡುವ ಮೇಲಿನ ಅಂಚು) ಬಾಗಿದೆಯೇ ಕೇಳಿ. ಕೊನೆಗೆ ನಿಮ್ಮದೇ ಗುಂಡು ತೆಗೆದುಕೊಂಡು ಹೋಗಿ ಎಲ್ಲ ಮ್ಯಾಗಜಿನ್‌ಗಳಲ್ಲೂ 10 ಸೆಕೆಂಡ್ ಸರಣಿ ಹೊಡೆದು ನೋಡಿ. ಒಂದು ಸಲ ನಿಂತರೆ ಗುಂಡಿನ ತಪ್ಪಿರಬಹುದು. ಒಂದೇ ಮ್ಯಾಗಜಿನ್‌ನಲ್ಲಿ ಮತ್ತೆ ಮತ್ತೆ ನಿಂತರೆ ಆ ಮ್ಯಾಗಜಿನ್ ಬದಲಿಸಿ. ಎಲ್ಲದರಲ್ಲೂ ನಿಂತರೆ ಬೆಲೆ ಎಷ್ಟೇ ಕಡಿಮೆ ಹೇಳಿದರೂ ಬೇಡ ಅನ್ನಿ.