ಕರುಳು ಚುರುಕ್ಕೆನ್ನದವರು

ಗೋಮುಖ ವ್ಯಾಘ್ರ ಎಂಬ ನುಡಿ ನಮ್ಮಲ್ಲಿ ಹಳೆಯದೇ. ನಯವಾದ ಮುಖದ ಹಿಂದೆ ಪರರ ನೋವಿಗೆ ಕರಗದ, ಪಶ್ಚಾತ್ತಾಪವಿಲ್ಲದ ಮನಸ್ಸಿರುವವರನ್ನು ಮನಶ್ಶಾಸ್ತ್ರ ಸೈಕೋಪಾತ್ ಎನ್ನುತ್ತದೆ. ಆ ಮುಖದ ಹಿಂದೆ ನಡೆಯುವುದೇನು ಎಂದು ಅಳೆದು ನೋಡಲು ಹೊರಟವರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಪ್ರಮುಖರು. 1960ರ ದಶಕದಲ್ಲಿ ಅವರು ಸೆರೆಮನೆಯ ಕೈದಿಗಳನ್ನು ಕೂರಿಸಿ, 1ರಿಂದ 12ರವರೆಗಿನ ಅಂಕಿಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. 8 ಬಂದೊಡನೆ ಕರೆಂಟ್ ಹೊಡೆಯಲಿದೆ ಎಂಬುದು ಕೂತವರಿಗೆ ಮೊದಲೇ ಗೊತ್ತಿರುತ್ತಿತ್ತು. ಆ ಅಂಕಿ ಹತ್ತಿರವಾದಂತೆ ಸಾಮಾನ್ಯರ ಅಂಗೈ ಬೆವರತೊಡಗುತ್ತದೆ. ಸೈಕೋಪಾತ್ ಎಂದು ಗುರುತಿಸಲಾಗಿದ್ದ ಕೈದಿಗಳಲ್ಲಿ ಮಾತ್ರ ಆ ಬೆವರು ತೀರ ಕಡಿಮೆಯಿತ್ತು. ಬರಲಿರುವ ನೋವು ಅವರಿಗೆ ತಿಳಿದಿತ್ತು, ಆದರೆ ಮೈಗೆ ತಟ್ಟಿರಲಿಲ್ಲ.

ಹೇರ್ ಮುಂದೆ ರೂಪಿಸಿದ ಪರಿಶೀಲನಾ ಪಟ್ಟಿಯಲ್ಲಿ ನಯವಾದ ಮಾತು, ಸುಳ್ಳಿನ ಚಾಳಿ, ಪಶ್ಚಾತ್ತಾಪವೇ ಇಲ್ಲದಿರುವುದು ಮುಂತಾಗಿ 20 ಅಂಶಗಳಿವೆ. ಒಂದೊಂದಕ್ಕೆ ಹೆಚ್ಚೆಂದರೆ 2ರಂತೆ ಒಟ್ಟು 40 ಅಂಕ; ಉತ್ತರ ಅಮೆರಿಕದಲ್ಲಿ 30 ಮುಟ್ಟಿದರೆ ಸೈಕೋಪಾತ್ ಎಂದು ಪರಿಗಣಿಸುವುದು ರೂಢಿ. ಸಂದರ್ಶನವೊಂದನ್ನೇ ನಂಬುವಂತಿಲ್ಲ, ಹಳೆಯ ಕಡತಗಳನ್ನೂ ತೆಗೆದು ನೋಡಬೇಕು. ಏಕೆಂದರೆ ಎದುರಿಗೆ ಕೂತ ತಜ್ಞರನ್ನೇ ಮರುಳು ಮಾಡಬಲ್ಲವರು ಇವರು. ಅರ್ಧ ಗಂಟೆಯಲ್ಲಿ ನೆಂಟರಿಷ್ಟರಿಗೆಲ್ಲ ಅಂಕ ಹಾಕಿಬಿಡುವ ನಮ್ಮಂಥವರು ಇದನ್ನು ಗಮನಿಸಬೇಕು.

ಆದರೆ ಪರರ ನೋವು ತಟ್ಟದವನಿಗೆ, ಎದುರಿನವರ ಮನಸ್ಸು ಎಲ್ಲಿ ಮೆತ್ತಗಿದೆ ಎಂಬುದು ಅಷ್ಟು ಸರಿಯಾಗಿ ಹೇಗೆ ತಿಳಿಯುತ್ತದೆ? ನೆದರ್ಲೆಂಡ್ಸ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಒಗಟನ್ನು ಸ್ವಲ್ಪ ಬಿಡಿಸಿತು. ಸೈಕೋಪಾತ್ ಅಪರಾಧಿಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಒಂದು ಕೈ ಇನ್ನೊಂದನ್ನು ನೇವರಿಸುವ, ಹೊಡೆಯುವ, ದೂರ ತಳ್ಳುವ ಚಿಕ್ಕ ವಿಡಿಯೋಗಳನ್ನು ತೋರಿಸಲಾಯಿತು. ಸುಮ್ಮನೆ ನೋಡುವಾಗ, ಸ್ವಂತ ನೋವಿಗೆ ಮಿಡಿಯುವ ಮಿದುಳಿನ ಭಾಗಗಳು ಅವರಲ್ಲಿ ಇತರರಿಗಿಂತ ಮಂದವಾಗಿದ್ದವು. ಆ ಕೈಯವರಿಗೆ ಏನನ್ನಿಸುತ್ತಿದೆಯೋ ಅದನ್ನೇ ಅನುಭವಿಸಲು ಯತ್ನಿಸಿ ಎಂದು ಹೇಳಿ ಮತ್ತೆ ತೋರಿಸಿದಾಗ, ಆ ಅಂತರ ಬಹುಮಟ್ಟಿಗೆ ಕಡಿಮೆಯಾಯಿತು. ಅಂದರೆ ಕರುಣೆಯ ಸಲಕರಣೆ ಒಳಗಿತ್ತು, ತಾನಾಗಿ ಚಾಲೂ ಆಗುತ್ತಿರಲಿಲ್ಲ ಅಷ್ಟೆ. ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಬಹುದಾದ ಕನಿಕರ, ಕನಿಕರವೇ ಇಲ್ಲದ ಕ್ರೌರ್ಯಕ್ಕಿಂತ ಅಪಾಯಕಾರಿ ಎಂದು ನನಗನ್ನಿಸುತ್ತದೆ.

ನನ್ನ ದೊಡ್ಡಮ್ಮನ ಮನೆಗೆ ಚೀಟಿ ನಡೆಸುವವನೊಬ್ಬ ತಿಂಗಳು ತಿಂಗಳೂ ಬರುತ್ತಿದ್ದ. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು, ಅವರ ಮೊಣಕಾಲ ನೋವನ್ನು ವಿಚಾರಿಸಿ, ಮೊಮ್ಮಕ್ಕಳನ್ನು ಹೆಸರು ಹಿಡಿದು ಕೇಳಿದ ಮೇಲೆಯೇ ಹಣದ ಮಾತೆತ್ತುತ್ತಿದ್ದ. ಚೀಟಿ ಮುಳುಗಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಎದುರಾದಾಗ ಅವನು ಅವರನ್ನು ಗುರುತೇ ಇಲ್ಲದವನಂತೆ ನೋಡಿ ಮುಂದೆ ಹೋದನಂತೆ. ಅವನಿಗೆ ರೋಗದ ಹೆಸರು ಕೊಡಲು ನಾನು ವೈದ್ಯನಲ್ಲ. ದೊಡ್ಡಮ್ಮ ಮಾತ್ರ ಈಗಲೂ, “ಅವತ್ತು ಅವನು ಕಾಲುನೋವು ಕೇಳಿದ್ದು ಸುಳ್ಳಲ್ಲ ಕಣಪ್ಪ” ಎನ್ನುತ್ತಾರೆ. ಆ ಎಂಆರ್‌ಐ ಚಿತ್ರಗಳ ಬಗ್ಗೆ ಓದಿದಂದಿನಿಂದ ನಾನು ಅವರೊಡನೆ ವಾದಕ್ಕಿಳಿಯುವುದನ್ನು ಬಿಟ್ಟಿದ್ದೇನೆ.