ಬಾಗಿಲ ಬಳಿಯ ಚಪ್ಪಲಿ ರಾಶಿ: ರ‍್ಯಾಕ್ ಕೊಳ್ಳುವ ಮೊದಲು ಒದ್ದೆಗೊಂದು ಜಾಗ ಮಾಡಿ

ಪ್ರಶ್ನೆ: ನಾವಿರುವುದು ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಫ್ಲಾಟಿನಲ್ಲಿ. ನಾನು, ನಮ್ಮವರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮಳೆಗಾಲ ಮುಗಿಯುವವರೆಗೆ ಅತ್ತೆಯೂ ಇರುತ್ತಾರೆ. ಬಾಗಿಲು ತೆರೆದರೆ ನಾಲ್ಕಡಿ ಅಗಲದ ಸಣ್ಣ ಜಾಗ, ಅದು ದಾಟಿದರೆ ಹಾಲ್. ಚಪ್ಪಲಿ ಸ್ಟ್ಯಾಂಡು ಹೊರಗಿನ ಕಾರಿಡಾರಿನಲ್ಲಿತ್ತು, ತೆಗೆಯಿರೆಂದು ಅಸೋಸಿಯೇಷನ್‌ನವರು ನೋಟಿಸು ಅಂಟಿಸಿದರು. ಈಗ ಶೂ, ಚಪ್ಪಲಿ, ಎರಡು ಹೆಲ್ಮೆಟ್, ರೇನ್‌ಕೋಟು, ಕೊಡೆ, ಸ್ಕೂಲ್ ಬ್ಯಾಗು ಎಲ್ಲವೂ ಬಾಗಿಲ ಹಿಂದೆಯೇ ಬಿದ್ದಿರುತ್ತವೆ. ಎಂಥ ರ‍್ಯಾಕ್ ಕೊಂಡರೆ ಈ ಜಾಗ ನೋಡುವ ಹಾಗಾದೀತು?

ಉತ್ತರ: ಸದ್ಯಕ್ಕೆ ಯಾವ ರ‍್ಯಾಕನ್ನೂ ಕೊಳ್ಳಬೇಡಿ. ನಿಮ್ಮ ಪಟ್ಟಿಯನ್ನೇ ಇನ್ನೊಮ್ಮೆ ಓದಿ ನೋಡಿ: ಸ್ಕೂಲ್ ಬ್ಯಾಗೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮಳೆಗಾಲದಲ್ಲಿ ಒದ್ದೆಯಾಗಿಯೇ ಮನೆಯೊಳಗೆ ಬರುವಂಥವು. ಒದ್ದೆ ಸಾಮಾನಿಗೆ ಒಣಗುವ ಜಾಗ ಇಲ್ಲದಿದ್ದರೆ ಅದು ನೆಲದ ಮೇಲೆಯೇ ಬೀಳುತ್ತದೆ, ಎಷ್ಟು ದುಬಾರಿಯ ರ‍್ಯಾಕ್ ಪಕ್ಕದಲ್ಲಿದ್ದರೂ ಅಷ್ಟೆ. ಒಣಗಿಸುವುದು ಮೊದಲು, ಜೋಡಿಸುವುದು ಆಮೇಲೆ, ಅಲಂಕಾರ ಕೊನೆಗೆ. ಈ ಸರದಿಯನ್ನು ತಿರುಗುಮುರುಗು ಮಾಡಿದ ಮನೆಗಳಲ್ಲೇ ಚಪ್ಪಲಿ ರಾಶಿ ಕಾಣುವುದು.

ಅಸೋಸಿಯೇಷನ್‌ನವರ ಮೇಲೆ ಸಿಟ್ಟು ಬೇಡ. ಬೆಂಕಿ ಹೊತ್ತಿಕೊಂಡಾಗ ಹೊಗೆ ತುಂಬಿದ ಕತ್ತಲಲ್ಲಿ ಜನ ಗೋಡೆ ತಡವಿಕೊಂಡು ಓಡುವುದು ಅದೇ ಕಾರಿಡಾರಿನಲ್ಲಿ. ತಪ್ಪಿಸಿಕೊಳ್ಳುವ ದಾರಿಯಲ್ಲಿ ಏನೂ ಅಡ್ಡವಿರಬಾರದು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ. ಮರದ ಸ್ಟ್ಯಾಂಡು, ರಬ್ಬರಿನ ಚಪ್ಪಲಿ ಎರಡೂ ಚೆನ್ನಾಗಿ ಉರಿಯುತ್ತವೆ, ಹೊಗೆಯನ್ನೂ ಎಬ್ಬಿಸುತ್ತವೆ. ಹಾಲಿನ ಪ್ಯಾಕೆಟ್ಟಿಗೆಂದು ಹೊರಗಿನ ಚಿಲಕಕ್ಕೆ ಸಿಕ್ಕಿಸುವ ಬಟ್ಟೆ ಚೀಲ ಇರಲಿ, ಅದರಿಂದ ಯಾರಿಗೂ ತೊಂದರೆಯಿಲ್ಲ.

ನಿಮ್ಮ ಅತ್ತೆಯವರು ಮಲೆನಾಡಿನ ಕಡೆಯವರಾಗಿದ್ದರೆ ಈ ಸಮಸ್ಯೆಗೆ ಅವರಲ್ಲೇ ಉತ್ತರವಿದೆ. ಸಾಗರ, ಸಿರ್ಸಿ, ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಮಳೆಯನ್ನು ಒಳಗೆ ಬಿಡುವುದೇ ಇಲ್ಲ. ತೋಟದಿಂದ ಬಂದವರು ಅಂಗಳದ ಅಂಚಿನಲ್ಲೇ ಕಾಲು ತೊಳೆಯುತ್ತಾರೆ, ಇಂಬಳ (ಜಿಗಣೆ) ಹತ್ತಿದೆಯೋ ಎಂದು ಅಲ್ಲೇ ನೋಡಿಕೊಳ್ಳುತ್ತಾರೆ. ಮಳೆಗೆ ತಲೆಯಿಂದ ಹೊದೆಯುವ ಕಂಬಳಿ ಕೊಪ್ಪೆ ಜಗಲಿಯ ಗೂಟಕ್ಕೆ, ಕೊಡೆ ಮಾಡಿನ ಪಕಾಸಿಗೆ. ನೀರು ಸೋರಿದರೂ ಅಂಗಳಕ್ಕೇ ಸೋರುತ್ತದೆ. ಇರಚಲು ಹೊಡೆಯುವ ಕಡೆ ತಟ್ಟಿ ಕಟ್ಟಿರುತ್ತಾರೆ. ಇಷ್ಟೆಲ್ಲ ಆದಮೇಲೆ ಹೊಸ್ತಿಲು ದಾಟುವುದು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಅಂಥ ಸೀಮೆಯಲ್ಲಿ ಒಳಮನೆ ಒಣಗಿರುವುದಕ್ಕೆ ಕಾರಣ ಜಗಲಿಯಲ್ಲಿ ಹಂತಹಂತವಾಗಿ ನಡೆಯುವ ಈ ಕೆಲಸವೇ ಹೊರತು ಪೀಠೋಪಕರಣವಲ್ಲ. ನಿಮ್ಮ ನಾಲ್ಕಡಿ ಜಾಗದಲ್ಲೂ ಇದೇ ಹಂತಗಳು ಸಣ್ಣದಾಗಿ ನಡೆಯಬೇಕು.

ಇಂಟರ್‌ನೆಟ್ಟಿನಲ್ಲಿ ಕಾಣುವ ‘ಮಡ್‌ರೂಮ್’ (ಬಾಗಿಲ ಬಳಿ ಬೂಟು, ಕೋಟು ಕಳಚಿಡುವ ಕೋಣೆ) ಚಿತ್ರಗಳನ್ನು ನೋಡಿ ಮನಸೋಲುವುದು ಸುಲಭ: ನೆಲದಿಂದ ಚಾವಣಿಯವರೆಗೆ ಬಿಳಿ ಕಪಾಟು, ಮೆತ್ತೆ ಹಾಕಿದ ಬೆಂಚು, ಕೆಳಗೆ ಬೆತ್ತದ ಬುಟ್ಟಿ. ಹೆಚ್ಚಿನವು ಹಿಮ ಬೀಳುವ ಊರುಗಳ ಮನೆಗಳು. ಅಲ್ಲಿ ಚಳಿಗಾಲವಿಡೀ ಹೀಟರ್ ಉರಿಯುತ್ತದೆ, ಒಳಗಿನ ಗಾಳಿ ತುಟಿ ಒಡೆಯುವಷ್ಟು ಒಣ; ನೆನೆದ ಬೂಟು ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ನಮ್ಮಲ್ಲಿ ಮಳೆ ಬಂದಾಗ ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ವ್ಯತ್ಯಾಸವಿಲ್ಲ, ಎರಡೂ ಹಸಿ. ಅದೇ ಕಪಾಟನ್ನು ಇಲ್ಲಿ ಮಾಡಿಸಿ ಒಳಗೆ ಒದ್ದೆ ಶೂ ಇಟ್ಟು ಬಾಗಿಲು ಹಾಕಿದರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಪಾರ್ಟಿಕಲ್ ಬೋರ್ಡಿನದಾದರೆ ತಳ ಉಬ್ಬಿ ಬಾಗಿಲು ಕೂರುವುದೂ ನಿಲ್ಲುತ್ತದೆ.

ಹಾಗಾದರೆ ಮಾಡುವುದೇನು? ಬಾಗಿಲು ತೆರೆದ ಕೂಡಲೇ ಕೈಗೆ ಸಿಗುವ ಬದಿಯನ್ನು ಒದ್ದೆಯ ಬದಿ ಎಂದು ಗುರುತು ಮಾಡಿ. ನೆಲಕ್ಕೆ ಅಂಚು ಎತ್ತರವಿರುವ ಪ್ಲಾಸ್ಟಿಕ್ ಟ್ರೇ ಒಂದು, ಗಿಡದ ಕುಂಡಗಳ ಕೆಳಗಿಡಲು ಮಾರುವ ಉದ್ದನೆಯದು ಸಾಕು. ಅದರ ನೇರ ಮೇಲೆ ರೇನ್‌ಕೋಟಿಗೂ ಕೊಡೆಗೂ ಕೊಕ್ಕೆಗಳು. ತೊಟ್ಟಿಕ್ಕಿದ್ದೆಲ್ಲ ಟ್ರೇಗೆ ಬೀಳಲಿ, ರಾತ್ರಿ ಮಲಗುವ ಮೊದಲು ಯಾರಾದರೊಬ್ಬರು ಚೆಲ್ಲಲಿ. ನೆನೆದ ಶೂಗಳ ಒಳ ಅಟ್ಟೆ ಕಿತ್ತು ಹೊರಗಿಟ್ಟು, ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ. ಒಂದೆರಡು ಗಂಟೆಯಾದ ಮೇಲೆ ಪೇಪರ್ ಬದಲಿಸಿ. ಚರ್ಮದ ಶೂ ಆದರೆ ಬಿಸಿಲಿಗಾಗಲಿ ಗ್ಯಾಸ್ ಒಲೆ ಪಕ್ಕದಲ್ಲಾಗಲಿ ಇಡಬೇಡಿ, ಸೆಟೆದು ಬಿರುಕು ಬಿಡುತ್ತದೆ. ಫ್ಯಾನಿನ ಗಾಳಿ ಸಾಕು. ಹೆಲ್ಮೆಟ್ಟನ್ನು ಬಾಯಿ ಕೆಳಗೆ ಮಾಡಿ ಕಪಾಟಿನ ಮೇಲೆ ಕೂರಿಸಿದರೆ ಒಳಗಿನ ಸ್ಪಂಜು ಒಣಗುವುದೇ ಇಲ್ಲ. ಪಟ್ಟಿ ಹಿಡಿದು ನೇತುಹಾಕಿ.

ಈಗ ಒಣ ಸಾಮಾನಿಗೆ ಬರೋಣ. ಬಾಗಿಲ ಬಳಿ ಇರಬೇಕಾದ್ದು ಈ ವಾರ ಮೆಟ್ಟುವ ಜೋಡುಗಳು ಮಾತ್ರ. ತಲೆಗೆ ಎರಡರಂತೆ ಹಿಡಿದರೆ ನಿಮಗೆ ಹತ್ತು ಜೋಡಿ. ಮದುವೆಗೆ ಹಾಕುವ ಹೀಲ್ಸು, ವರ್ಷಕ್ಕೊಮ್ಮೆ ಟ್ರೆಕ್ಕಿಂಗಿಗೆ ಹೋಗುವ ಶೂ, ಮಗಳಿಗೆ ಚಿಕ್ಕದಾದರೂ ‘ಯಾರಿಗಾದರೂ ಕೊಡೋಣ’ ಎಂದು ಉಳಿಸಿಕೊಂಡ ಸ್ಯಾಂಡಲ್ಲು, ಇವೆಲ್ಲ ಡಬ್ಬ ಸೇರಿ ಅಟ್ಟಕ್ಕೋ ಮಂಚದ ಕೆಳಗೋ ಹೋಗಲಿ. ರಾಶಿ ಅರ್ಧ ಇಳಿಯುವುದೇ ಇಲ್ಲಿ. ದೊಡ್ಡವರ ಒಂದು ಜೋಡಿಗೆ ಸುಮಾರು 20 ಸೆಂಟಿಮೀಟರ್ ಅಗಲ ಬೇಕು. 80 ಸೆಂಟಿಮೀಟರಿನ ಒಂದು ಹಲಗೆಯ ಮೇಲೆ ನಾಲ್ಕು ಜೋಡಿ ಕೂರುತ್ತವೆ. ಅಂದರೆ ಮೂರು ಹಲಗೆಯ ರ‍್ಯಾಕ್ ನಿಮ್ಮ ಮನೆಗೆ ಧಾರಾಳ, ಬಂದವರ ಎರಡು ಜೋಡಿಗೂ ಜಾಗ ಉಳಿಯುತ್ತದೆ.

ಆಳದ ಲೆಕ್ಕ ಇನ್ನೂ ಮುಖ್ಯ. ನಾಲ್ಕಡಿ ಎಂದರೆ 122 ಸೆಂಟಿಮೀಟರ್. ಮಾಮೂಲಿ ರ‍್ಯಾಕ್ 30ರಿಂದ 33 ಸೆಂಟಿಮೀಟರ್ ತಿನ್ನುತ್ತದೆ, ಉಳಿಯುವುದು ಮೂರಡಿಯಷ್ಟು. ತರಕಾರಿ ಚೀಲ ಹಿಡಿದು ಒಳಬರಲು ಅಷ್ಟಾದರೂ ಬೇಕು. ಮುಂದಕ್ಕೆ ವಾಲಿಸಿ ತೆರೆಯುವ ತೆಳು ರ‍್ಯಾಕುಗಳು 20 ಸೆಂಟಿಮೀಟರಿನ ಒಳಗೇ ಮುಗಿಯುತ್ತವೆ, ಚೆನ್ನಾಗಿಯೂ ಕಾಣುತ್ತವೆ, ಆದರೆ ದಪ್ಪ ಸ್ಪೋರ್ಟ್ಸ್ ಶೂ ಅವುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಕಬ್ಬಿಣದ ಕಂಬಿಯದೋ ಮರದ ಪಟ್ಟಿಯದೋ ತೆರೆದ ರ‍್ಯಾಕೇ ವಾಸಿ, ಗಾಳಿ ಆಡುತ್ತದೆ. ಚೆಂದಕ್ಕೆ ಬೇಕಿದ್ದರೆ ಮುಂದೆ ಹತ್ತಿ ಬಟ್ಟೆಯ ಪರದೆ ಇಳಿಬಿಡಿ. ದುಡ್ಡು ಕೊಡುವ ಮೊದಲು ರ‍್ಯಾಕಿನ ಅಳತೆಗೆ ಪೇಪರ್ ಕತ್ತರಿಸಿ ನೆಲಕ್ಕೆ ಅಂಟಿಸಿ ಎರಡು ದಿನ ಓಡಾಡಿ ನೋಡಿ. ಬಾಗಿಲು ಪೂರ್ತಿ ತೆರೆಯುತ್ತದೆಯೇ, ಸಿಲಿಂಡರ್ ತರುವವರಿಗೆ ದಾರಿ ಇದೆಯೇ ಎಂಬುದು ಆಗ ತಿಳಿಯುತ್ತದೆ. ಇನ್ನೊಂದು: ಬಹಳ ಫ್ಲಾಟುಗಳಲ್ಲಿ ಕರೆಂಟು ಆರಿಸುವ ಎಂಸಿಬಿ ಸ್ವಿಚ್ಚುಗಳ ಪೆಟ್ಟಿಗೆ ಇರುವುದು ಬಾಗಿಲ ಪಕ್ಕದ ಗೋಡೆಯಲ್ಲೇ. ಅದರ ಮುಂದೆ ಎತ್ತರದ ಕಪಾಟು ನಿಲ್ಲಿಸಿದರೆ, ಏನಾದರೂ ಸುಟ್ಟ ವಾಸನೆ ಬಂದ ಹೊತ್ತಿನಲ್ಲಿ ಮೊದಲು ಕಪಾಟು ಸರಿಸಬೇಕಾಗುತ್ತದೆ.

ವಾಸನೆಗೆ ನುಸಿಗುಳಿಗೆ ಹಾಕುವವರಿದ್ದಾರೆ. ಬೇಡ. ಅದು ಒಂದು ವಾಸನೆಯನ್ನು ಇನ್ನೊಂದರಿಂದ ಮುಚ್ಚುತ್ತದೆ ಅಷ್ಟೆ, ಮಕ್ಕಳು ಪೆಪ್ಪರ್‌ಮಿಂಟ್ ಎಂದು ಬಾಯಿಗೆ ಹಾಕಿಕೊಂಡರೆ ವಿಷ. ಶೂ ನಾರುವುದು ಬೆವರನ್ನು ತಿನ್ನುವ ಬ್ಯಾಕ್ಟೀರಿಯಾದಿಂದ, ಅವು ಹೆಚ್ಚುವುದು ಪಸೆಯಲ್ಲಿ. ಒಂದೇ ಶೂ ದಿನಾ ಹಾಕುವ ಬದಲು ಎರಡನ್ನು ದಿನ ಬಿಟ್ಟು ದಿನ ಹಾಕಿದರೆ ನಡುವೆ ಒಣಗಲು ಸಮಯ ಸಿಗುತ್ತದೆ. ನೆಲಮಹಡಿಯಲ್ಲಿರುವವರು, ಕೆರೆಯ ಅಥವಾ ಖಾಲಿ ಸೈಟಿನ ಪಕ್ಕದವರು ಮಳೆಗಾಲದಲ್ಲಿ ಶೂವನ್ನು ಕೊಡವಿಯೇ ಕಾಲು ಹಾಕಬೇಕು. ಕಪ್ಪೆ, ಚೇಳು, ಒಮ್ಮೊಮ್ಮೆ ಹಾವಿನ ಮರಿಗೂ ಅದು ಬೆಚ್ಚಗಿನ ಬಿಲ.

ಬಾಡಿಗೆ ಮನೆಯಾದ್ದರಿಂದ ಗೋಡೆ ಕೊರೆಯಲು ಓನರ್ ಒಪ್ಪಲಿಕ್ಕಿಲ್ಲ. ಅಂಟಿಸುವ ಕೊಕ್ಕೆಗಳು ಡಿಸ್ಟೆಂಪರ್ ಗೋಡೆಯ ಮೇಲೆ ನಿಲ್ಲುವುದಿಲ್ಲ, ಬಣ್ಣದ ಹಕ್ಕಳೆ ಸಮೇತ ಕಿತ್ತು ಬರುತ್ತವೆ. ಟೈಲ್ಸು, ಗಾಜು, ಲ್ಯಾಮಿನೇಟ್ ಹಾಕಿದ ಬಾಗಿಲಿನ ಮೇಲೆ ಹಿಡಿಯುತ್ತವೆ. ಒಂದು ಕೆ.ಜಿ. ದಾಟುವ ಹೆಲ್ಮೆಟ್ಟಿಗೆ ಅವನ್ನು ನಂಬಬೇಡಿ. ಕಾಲುಳ್ಳ ಗಟ್ಟಿ ಸ್ಟ್ಯಾಂಡೇ ಆಗಬೇಕು. ಮಕ್ಕಳ ಕೊಕ್ಕೆ ನೆಲದಿಂದ ಮೂರು, ಮೂರೂವರೆ ಅಡಿಯಲ್ಲಿರಲಿ. ಐದಡಿ ಎತ್ತರದ ಕೊಕ್ಕೆ ತೋರಿಸಿ ‘ಬ್ಯಾಗು ನೇತುಹಾಕೋ’ ಎಂದು ಕೂಗಿದರೆ ಏಳು ವರ್ಷದ ಹುಡುಗ ಸೋಫಾದ ಮೇಲೆ ಎಸೆಯದೆ ಇನ್ನೇನು ಮಾಡಿಯಾನು?

ಅತ್ತೆಯವರಿಗಾಗಿ ಒಂದು ಕೂರುವ ಜಾಗ ಖಂಡಿತ ಬೇಕು. ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಸಿಕ್ಕಿಸಿಕೊಳ್ಳುವಾಗ ಹಿರಿಯರು ಆಯ ತಪ್ಪುತ್ತಾರೆ. ಒಂದೂವರೆ ಅಡಿ ಎತ್ತರದ, ಜರುಗದ ಸ್ಟೂಲು, ಏಳುವಾಗ ಕೈಯೂರಲು ಪಕ್ಕದಲ್ಲಿ ಗಟ್ಟಿಯಾದ ಏನಾದರೂ ಇದ್ದರೆ ಸಾಕು. ವಿಟ್ರಿಫೈಡ್ ಟೈಲ್ಸ್ ನೆಲ ಒದ್ದೆಯಾದರೆ ಜಾರುತ್ತದೆ. ಹೊಸ್ತಿಲಾಚೆ ತೆಂಗಿನ ನಾರಿನ ಮ್ಯಾಟು, ಈಚೆ ರಬ್ಬರ್ ತಳದ ಹತ್ತಿ ಮ್ಯಾಟು ಹಾಕಿ. ಮೊದಲನೆಯದು ಮಣ್ಣು ಕೆರೆಯುತ್ತದೆ, ಎರಡನೆಯದು ನೀರು ಹೀರುತ್ತದೆ. ಹಳೇ ಸೀರೆ ಮಡಚಿ ಹಾಸುವ ಅಭ್ಯಾಸವಿದ್ದರೆ ಅದನ್ನು ಬಾಗಿಲ ಬಳಿಯಿಂದ ಇವತ್ತೇ ತೆಗೆಯಿರಿ.

ಇನ್ನು ಅಲಂಕಾರ. ಬಾಗಿಲ ಬಳಿಯ ಗೋಡೆ ಕೆಳಗಿನ ಮೂರಡಿ ಯಾವತ್ತೂ ಕೊಳೆಯಾಗುತ್ತದೆ, ಬ್ಯಾಗು ಒರೆಸುತ್ತದೆ, ಮಕ್ಕಳ ಕೈ ತಾಗುತ್ತದೆ. ಹಿಂದಿನವರು ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ (ಕೆಂಪು ಪಟ್ಟಿ) ಬಳಿಯುತ್ತಿದ್ದುದರಲ್ಲಿ ಅಂದವೂ ಇತ್ತು, ಈ ಜಾಣತನವೂ ಇತ್ತು. ಓನರ್ ಒಪ್ಪಿದರೆ ಅಷ್ಟು ಎತ್ತರಕ್ಕೆ ಇಟ್ಟಿಗೆ ಕೆಂಪಿನ, ಒರೆಸಬಹುದಾದ ಪೇಂಟ್ ಹೊಡೆಸಿ. ಬಿಳಿ ಫ್ಲಾಟಿನ ಮುಖವೇ ಬದಲಾಗುತ್ತದೆ. ಅದರ ಮೇಲೆ ಒಂದೇ ಒಂದು ಚಿತ್ರ. ಸಾಗರ, ಸೊರಬ, ಸಿದ್ದಾಪುರದ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ಸಿಕ್ಕರೆ ಬಿಡಬೇಡಿ: ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕರಿಕಾದ ಅಕ್ಕಿಯ ಕಪ್ಪು. ಆ ಕೆಂಪಿಗೂ ನಿಮ್ಮ ಕಾರಣೆಗೂ ಚೆನ್ನಾಗಿ ಹೊಂದುತ್ತದೆ. ಕೀಲಿಗೊಂದು ಹಿತ್ತಾಳೆ ತಟ್ಟೆ, ಹಳದಿ ಬೆಳಕಿನ ಸಣ್ಣ ಎಲ್‌ಇಡಿ ಬಲ್ಬು. ಇಷ್ಟಕ್ಕೆ ನಿಲ್ಲಿಸಿ. ಗಾಜಿನ ಬಾಟಲಿಯಲ್ಲಿ ಮನಿ ಪ್ಲಾಂಟೋ ಉರುಳಿಯಲ್ಲಿ ತೇಲುವ ಹೂವೋ ಇಡುವುದಾದರೆ ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ ಪಾತ್ರೆ ಉಜ್ಜಿ. ಡೆಂಗಿ ಹರಡುವ ಸೊಳ್ಳೆಗೆ ಬೇಕಾದ್ದು ಇಂಥ ತಿಳಿನೀರೇ. ರಂಗೋಲಿ ಪುಡಿ ಕಾಲಿಗೆ ಅಂಟಿ ಒಳಗೆಲ್ಲ ಬರುತ್ತದೆ ಎನ್ನುವವರು ನೆಲ ಒರೆಸಿದ ಹಸಿಯಲ್ಲೇ ಸೀಮೆಸುಣ್ಣದಿಂದ ಎಳೆದರೆ ಸಂಜೆಯವರೆಗೆ ನಿಲ್ಲುತ್ತದೆ.

ವಾಸ್ತು ಪ್ರಕಾರ ಚಪ್ಪಲಿ ಬಾಗಿಲಿಗೆದುರು ಇರಬಾರದಂತಲ್ಲ ಎಂದು ಕೇಳುವವರಿಗೆ: ಎದುರಿಗಿಟ್ಟರೆ ಎಡವುತ್ತೀರಿ, ಆ ಒಂದು ಕಾರಣ ನನಗೆ ಸಾಕು. ಪಕ್ಕದ ಗೋಡೆಗಿಡಿ, ಇಬ್ಬರ ಮಾತೂ ನಡೆಯುತ್ತದೆ.

ಗೌರಿ-ಗಣೇಶನ ಸಂಜೆ ಅರಿಸಿನ ಕುಂಕುಮಕ್ಕೆ ಇಪ್ಪತ್ತು ಜನ ಒಟ್ಟಿಗೆ ಬಂದಾಗ ಮಾತ್ರ ಯಾವ ರ‍್ಯಾಕೂ ಸಾಲದು. ಅಸೋಸಿಯೇಷನ್‌ನವರಿಗೆ ಮೊದಲೇ ಹೇಳಿ, ಮೆಟ್ಟಿಲಿಗೂ ಲಿಫ್ಟಿಗೂ ಅಡ್ಡವಾಗದ ಕಡೆ ಗೋಡೆಯುದ್ದಕ್ಕೆ ಒಂದು ಚಾಪೆ ಹಾಸಿ, ಮಕ್ಕಳಲ್ಲೊಬ್ಬರನ್ನು ಜೋಡಿ ಸರಿ ಮಾಡಲು ನಿಲ್ಲಿಸಿ. ಕೊನೆಯವರು ಹೊರಟ ಕೂಡಲೇ ಚಾಪೆ ಸುತ್ತಿ ಒಳಗಿಡಿ, ಇಲ್ಲದಿದ್ದರೆ ಮಾರನೇ ಬೆಳಿಗ್ಗೆ ಇನ್ನೊಂದು ನೋಟಿಸು ಬರುತ್ತದೆ.