ಓಆರ್‌ಎಸ್ ಪೊಟ್ಟಣದ ಹಿಂದಿರುವ ಪ್ರೋಟೀನು

ವಾಂತಿಭೇದಿಯಿಂದ ಸೊರಗಿದವರಿಗೆ ಬರೀ ನೀರು ಸಾಲದು, ಬರೀ ಉಪ್ಪುನೀರೂ ಸಾಲದು. ಜೊತೆಗೆ ಸಕ್ಕರೆ ಬೇಕೇ ಬೇಕು, ಅದೂ ರುಚಿಗಾಗಿ ಅಲ್ಲ. ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಸಕ್ಕರೆಯ ಈ ಪುಡಿಯೇ ಓಆರ್‌ಎಸ್. ಸಣ್ಣ ಕರುಳಿನ ಕೋಶಪೊರೆಯಲ್ಲಿರುವ ಎಸ್‌ಜಿಎಲ್‌ಟಿ1 ಎಂಬ ಸಾಗಣೆ ಪ್ರೋಟೀನು ಎರಡು ಸೋಡಿಯಂ ಅಯಾನುಗಳನ್ನೂ ಒಂದು ಗ್ಲೂಕೋಸ್ ಅಣುವನ್ನೂ ಒಟ್ಟಿಗೇ ಒಳಗೆ ಒಯ್ಯುತ್ತದೆ. ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ.

ಈ ಕೆಲಸಕ್ಕೆ ಬಲ ಬರುವುದು ಕೋಶದ ಇನ್ನೊಂದು ಮಗ್ಗುಲಿನಿಂದ. ರಕ್ತದ ಕಡೆಗಿರುವ ಸೋಡಿಯಂ ಪಂಪು ಎಟಿಪಿ (ಕೋಶದ ಶಕ್ತಿ ಒದಗಿಸುವ ಅಣು) ಖರ್ಚುಮಾಡಿ, ಪ್ರತಿ ಸಲ ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಇದರ ಸುಳಿವು ಹಿಡಿದರು. ಕೋಶದೊಳಗೆ ಸೋಡಿಯಂ ಸದಾ ಕಡಿಮೆ ಇರುವುದರಿಂದ ಹೊರಗಿನದು ಒಳನುಗ್ಗಲು ಕಾದಿರುತ್ತದೆ. ಆ ನುಗ್ಗಾಟವೇ ಗ್ಲೂಕೋಸನ್ನು ಎಳೆದೊಯ್ಯುತ್ತದೆ ಎಂದು 1960ರಲ್ಲಿ ಪ್ರಾಗ್‌ನ ಸಭೆಯೊಂದರಲ್ಲಿ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ವಿವರಿಸಿದರು.

ಕಾಲರಾದ ವಿಷ ಕರುಳಿನ ಕೋಶಗಳಿಂದ ಕ್ಲೋರೈಡ್ ಮತ್ತು ನೀರನ್ನು ಹೊರಸುರಿಸುತ್ತದೆ, ಉಪ್ಪು ಹೀರುವ ಮಾಮೂಲಿ ದಾರಿಯನ್ನೂ ಕಟ್ಟುತ್ತದೆ. ಆದರೆ ಎಸ್‌ಜಿಎಲ್‌ಟಿ1ರ ತಂಟೆಗೆ ಹೋಗುವುದಿಲ್ಲ. ಲಕ್ಷಾಂತರ ಜೀವ ಉಳಿದದ್ದು ಈ ಒಂದು ಕಾರಣಕ್ಕೆ. 1968ರಲ್ಲಿ ಢಾಕಾದಲ್ಲಿ ವೈದ್ಯರಾದ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮತ್ತು ಸಂಗಡಿಗರು ಕಾಲರಾ ರೋಗಿಗಳಿಗೆ ಗ್ಲೂಕೋಸ್ ಬೆರೆತ ಉಪ್ಪುನೀರು ಕುಡಿಸಿದಾಗ ಡ್ರಿಪ್ಪಿನ ಅಗತ್ಯ ಶೇ. 80ರಷ್ಟು ಇಳಿಯಿತು.

ನಿಜವಾದ ಪರೀಕ್ಷೆ ನಡೆದದ್ದು 1971ರಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಬಾಂಗ್ಲಾ ಯುದ್ಧದಿಂದ ಓಡಿಬಂದು ಕಾಲರಾಗೆ ಸಿಕ್ಕಿದ್ದ ನಿರಾಶ್ರಿತರ ನಡುವೆ. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಲನಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ನಲ್ಲಿ ಕೂರಿಸಿದ ಡ್ರಮ್ಮುಗಳಲ್ಲಿ ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಸಾವು ಶೇ. 3.6ಕ್ಕೆ ಇಳಿಯಿತು. ಎಸ್‌ಜಿಎಲ್‌ಟಿ1 ಪ್ರೋಟೀನಿನ ವಂಶವಾಹಿ ಗುರುತಾದದ್ದು 1987ರಲ್ಲಿ. ಅಷ್ಟರಲ್ಲಿ ಮದ್ದು ಊರೂರು ತಲುಪಿತ್ತು.

ಹಳೆಯ ಮಿಶ್ರಣ ರಕ್ತಕ್ಕಿಂತ ತುಸು ಗಾಢವಾಗಿತ್ತು. ಆದ್ದರಿಂದ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತೆಳುಮಾಡಿತು. ಈಗ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್: ಒಟ್ಟು 20.5 ಗ್ರಾಂ. ಪೂರ್ತಿ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿಗೇ ಸುರಿಯಬೇಕು. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಒಂದು ಲೋಟಕ್ಕೇ ಇಡೀ ಪೊಟ್ಟಣ ಸುರಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಸಿಹಿ ಪಾನೀಯ, ಡಬ್ಬಿ ಜ್ಯೂಸು ಇದಕ್ಕೆ ಬದಲಿಯಲ್ಲ: ಹೀರಲಾಗದ ಸಕ್ಕರೆ ಕರುಳಿನೊಳಕ್ಕೆ ನೀರೆಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಎಸ್‌ಜಿಎಲ್‌ಟಿ1 ಹುಟ್ಟಿನಿಂದಲೇ ಕೆಟ್ಟಿರುವ ಅಪರೂಪದ ಶಿಶುಗಳೂ ಇವೆ. ಅವಕ್ಕೆ ತಾಯಿಹಾಲೇ ಭೇದಿ ತರುತ್ತದೆ, ಓಆರ್‌ಎಸ್ ಕುಡಿಸಿದರೆ ಉಲ್ಬಣಿಸುತ್ತದೆ. ಹಾಲಿನ ಸಕ್ಕರೆಯ ಎರಡು ಭಾಗಗಳಾದ ಗ್ಲೂಕೋಸ್, ಗ್ಯಾಲಕ್ಟೋಸ್ ಎರಡನ್ನೂ ಬಿಟ್ಟು ಫ್ರಕ್ಟೋಸ್ ಇರುವ ಆಹಾರ ಕೊಟ್ಟರೆ ಭೇದಿ ನಿಲ್ಲುತ್ತದೆ, ಏಕೆಂದರೆ ಫ್ರಕ್ಟೋಸ್ ಒಳಹೋಗುವುದು ಗ್ಲೂಟ್5 ಎಂಬ ಬೇರೆಯದೇ ಪ್ರೋಟೀನಿನ ಮೂಲಕ.